ಉಪಗ್ರಹದ ಕಣ್ಣಿಗೆ ನಮ್ಮ ಹೊಲದ ಬದು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತುಗಳು)



ನಾವು ಓದಿದ್ದು ಎಸ್ಸೆಸ್ಸೆಲ್ಸಿ. ಉಪಗ್ರಹದ ವಿಷಯ ಮಾತಾಡೋಕೆ ಇವರ್ಯಾರು ಅಂತ ನೀವು ಕೇಳಬಹುದು. ಆದರೆ ಅದು ನೋಡೋದು ನಮ್ಮ ಹೊಲವನ್ನೇ. ಅದಕ್ಕೇ ಎರಡು ಮಾತು.

ಉಪಗ್ರಹದ ಚಿತ್ರ ಅಂದರೆ ಸಣ್ಣ ಸಣ್ಣ ಚೌಕಗಳು. ಒಂದೊಂದು ಚೌಕಕ್ಕೂ ಆ ನೆಲದಿಂದ ಬಂದ ಬೆಳಕಿನ ಅಳತೆ ಒಂದು ಸಂಖ್ಯೆಯಾಗಿ ಇರುತ್ತದೆ. 1988ರಲ್ಲಿ ಮೇಲೇರಿದ ನಮ್ಮ ದೇಶದ ಐ.ಆರ್.ಎಸ್.-1ಎ ಉಪಗ್ರಹದ ಒಂದು ಕ್ಯಾಮೆರಾದಲ್ಲಿ ಚೌಕದ ಬದಿ 72.5 ಮೀಟರು. ಅಂದರೆ ಸುಮಾರು ಒಂದು ಎಕರೆ 12 ಗುಂಟೆಗೆ ಒಂದೇ ಚುಕ್ಕೆ! 2015ರಲ್ಲಿ ಯುರೋಪಿನವರು ಹಾರಿಸಿದ ಸೆಂಟಿನೆಲ್-2ರಲ್ಲಿ ಚೌಕದ ಬದಿ 10 ಮೀಟರು. ಹೆಚ್ಚುಕಡಿಮೆ 33 ಅಡಿಗೆ 33 ಅಡಿ, ನಮ್ಮ ಒಂದು ಗುಂಟೆ. ಎಕರೆಗೆ 40 ಚೌಕ.

ಕಂಪ್ಯೂಟರು ಪ್ರತಿ ಚೌಕವನ್ನೂ ಪಕ್ಕದ ಚೌಕಗಳ ಜೊತೆ ಹೋಲಿಸುತ್ತದೆ. ಸಂಖ್ಯೆ ತಟ್ಟನೆ ಬದಲಾದ ಕಡೆ ಅಂಚು ಅಂತ ಗೆರೆ ಎಳೆಯುತ್ತದೆ. 1986ರಲ್ಲಿ ಜಾನ್ ಕ್ಯಾನಿ ಎಂಬವರು ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಮಸುಕಾದ ಅಂಚು ಗಟ್ಟಿ ಅಂಚಿಗೆ ಕೂಡಿಕೊಂಡಿದ್ದರೆ ಮಾತ್ರ ಉಳಿಯುತ್ತದೆ. ಹೀಗೆ ಅಂಚು ಸಿಕ್ಕ ಮೇಲೆ ಒಂದೇ ಬಗೆಯ ಚೌಕಗಳನ್ನು ಕೂಡಿಸಿ ಇದೊಂದು ತಾಕು ಎನ್ನುತ್ತದೆ.

ತೊಡಕು ಇರೋದು ಇಲ್ಲೇ. ನಮಗೂ ನಮ್ಮ ದಾಯಾದಿಗೂ ನಡುವಿನ ಬದು ಎರಡಡಿ ಅಗಲ. ಅದಕ್ಕಾಗಿ ಆರು ವರ್ಷ ಕೋರ್ಟಿಗೆ ಅಲೆದವರು ನಾವು. ಮಗ ಒಂದು ದಿನ ಉಪಗ್ರಹದ ಚಿತ್ರ ತೋರಿಸಿದ. ಆ ಕಡೆಯೂ ರಾಗಿ, ಈ ಕಡೆಯೂ ರಾಗಿ, ನಡುವೆ ಬದುವೇ ಇಲ್ಲ! ಅಕ್ಕಡಿ ಸಾಲಿನ ಅವರೆ, ಜೋಳ ಎಲ್ಲವೂ ರಾಗಿಯ ಜೊತೆ ಕಲೆತು ಒಂದೇ ಸಂಖ್ಯೆ.

ಇದು ಬರೀ ಚಿತ್ರದ ಮಾತಲ್ಲ. 2023ರ ಮುಂಗಾರಿನಿಂದ ಕೆಲವು ರಾಜ್ಯಗಳಲ್ಲಿ ಬೆಳೆ ವಿಮೆಗೆ ಭತ್ತದ ಇಳುವರಿ ಅಂದಾಜು ಮಾಡುವಾಗ ಉಪಗ್ರಹದ ಲೆಕ್ಕವನ್ನೂ ಸೇರಿಸುತ್ತಿದ್ದಾರೆ. ಯಂತ್ರವನ್ನು ಬೈದು ಫಲವಿಲ್ಲ. ಇಡೀ ತಾಲ್ಲೂಕಿನ ಪೈರು ಒಣಗಿದರೆ ಅದು ಒಂದೇ ನೋಟಕ್ಕೆ ಹಿಡಿಯುತ್ತದೆ, ನಮ್ಮ ಕೈಲಿ ಆಗೋಲ್ಲ. ಆದರೆ ಯಾವ ಬದುವಿನೊಳಗೆ ಯಾರ ಬೆಳೆ ಅನ್ನೋದನ್ನು ನಾವೇ ಹೇಳಬೇಕು.

2020ರಿಂದ ನಮ್ಮ ರಾಜ್ಯದಲ್ಲಿ ರೈತರೇ ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಮಾಡಿಕೊಳ್ಳಲು ಅವಕಾಶವಾಗಿದೆ. ಹೊಲದಲ್ಲಿ ನಿಂತು ಫೋಟೊ ತೆಗೆಯಿರಿ. ಸರ್ವೆ ನಂಬರು, ಹಿಸ್ಸಾ, ಅಕ್ಕಡಿ ಬೆಳೆ ಸಮೇತ ತುಂಬಿಸಿ. ಮೊಬೈಲು ಇಲ್ಲದವರು ಸಂಕೋಚಪಡದೆ ಸಂಘಕ್ಕೆ ಬನ್ನಿ, ನಾವು ಜೊತೆಗೆ ಬರುತ್ತೇವೆ. ಈ ವರ್ಷ ನಮ್ಮ ದಾಯಾದಿಯ ಹೊಲದ್ದನ್ನೂ ನಾವೇ ನಿಂತು ತುಂಬಿಸಿಕೊಟ್ಟೆವು.