ಮಂಜುಗಡ್ಡೆಯ ಕೆಳಗೆ ಉಸಿರು



ಹಿಂದೊಮ್ಮೆ ಇದೇ ಕಾರ್ಯಕ್ರಮದಲ್ಲಿ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪ ಮತ್ತು ಅಲ್ಲಿನ ಸ್ಕೂಬಾ ಡೈವಿಂಗ್ ಬಗ್ಗೆ ಮಾತಾಡಿದ್ದೆ. ಅದನ್ನು ಕೇಳಿದ ಠಾಣೆಯ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಈಗ ಕೆನಡಾದಲ್ಲಿದ್ದಾನೆ. ಈ ಚಳಿಗಾಲ ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು, ಅದರೊಳಗೆ ಮುಳುಗುತ್ತಾನಂತೆ. "ನೀರೇ ಗಡ್ಡೆ ಕಟ್ಟುವಲ್ಲಿ ಉಸಿರಾಡುವ ಯಂತ್ರ ಗಡ್ಡೆ ಕಟ್ಟುವುದಿಲ್ಲವೇ?" ಎಂದು ಕೇಳಿದ್ದಾರೆ.

ಕಟ್ಟುತ್ತದೆ ತಾಯೀ. ಸಮಾಧಾನಕ್ಕೆಂದು ಸುಳ್ಳು ಹೇಳಲಾರೆ. ಆದರೆ ಯಾಕೆ ಕಟ್ಟುತ್ತದೆ, ಹೇಗೆ ತಡೆಯಬೇಕು ಎನ್ನುವುದು ಗೊತ್ತಿರುವ ಸಂಗತಿಯೇ. ಬಿ.ಎ.ಯಲ್ಲಿ ಪಂಪ ರನ್ನರನ್ನು ಓದಿಕೊಂಡವಳಿಗೆ ಈ ಯಂತ್ರದ ಉಸಾಬರಿ ಯಾಕೆ ಎನ್ನಬೇಡಿ. ನೇತ್ರಾಣಿಯಲ್ಲಿ ಡೈವಿಂಗ್ ಕಲಿತ ನನ್ನ ತಮ್ಮ ಈಗ ಫಿನ್‌ಲೆಂಡಿನಲ್ಲಿದ್ದಾನೆ. ಪಾಠವನ್ನು ನಮ್ಮ ಮನೆಯವರೆಲ್ಲ ಅವನಿಂದಲೇ ಕಲಿತದ್ದು.

ರೆಗ್ಯುಲೇಟರ್ ಎಂದರೆ ನಮಗೆ ನೆನಪಾಗುವುದು ಅಡುಗೆ ಗ್ಯಾಸಿನ ಸಿಲಿಂಡರ್. ಡೈವರ್ ಬೆನ್ನಿನ ಸಿಲಿಂಡರಿಗೂ ಅಂಥದೇ ಒಂದಿರುತ್ತದೆ. ಸಿಲಿಂಡರಿನಲ್ಲಿ ಗಾಳಿಯನ್ನು ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಅದರ ಬಾಯಿಗೆ ಕೂಡಿಸುವ ಭಾಗಕ್ಕೆ ಫಸ್ಟ್ ಸ್ಟೇಜ್ ಎಂದು ಹೆಸರು. ಅದು ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್ ಹೆಚ್ಚು ಇರುವಷ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್ ಅದನ್ನು ಉಸಿರಿಗೆ ತಕ್ಕಷ್ಟು ಮಾಡಿ, ಎಳೆದಾಗ ಮಾತ್ರ ಬಿಡುತ್ತದೆ.

ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ನೋಡಿದ್ದೀರಿ. ಇಲ್ಲಿ ನಡೆಯುವುದು ಅದರ ತಿರುವುಮುರುವು. ಒತ್ತಿಟ್ಟ ಗಾಳಿ ಒಮ್ಮೆಲೇ ಹಿಗ್ಗಿದಾಗ ತಣ್ಣಗಾಗುತ್ತದೆ. ಫಸ್ಟ್ ಸ್ಟೇಜಿನ ಒಳಗೆ ಗಾಳಿ ಸೊನ್ನೆಗಿಂತ ಎಷ್ಟೋ ಕೆಳಕ್ಕೆ ಇಳಿಯುತ್ತದೆ. ನೇತ್ರಾಣಿಯ ಬೆಚ್ಚನೆಯ ನೀರು ಆ ಲೋಹಕ್ಕೆ ಶಾಖ ಕೊಟ್ಟು ಸರಿದೂಗಿಸುತ್ತದೆ. ಮಂಜುಗಡ್ಡೆಯ ಕೆಳಗಿನ ನೀರಿನಲ್ಲಿ ಕೊಡಲು ಶಾಖವೇ ಇಲ್ಲ. ಸ್ಪ್ರಿಂಗಿನ ಸುತ್ತ ನೀರು ಗಡ್ಡೆ ಕಟ್ಟಿದರೆ ವಾಲ್ವ್ ಮುಚ್ಚಿಕೊಳ್ಳುವುದಿಲ್ಲ. ಆಗ ಗಾಳಿ ನಿಲ್ಲುತ್ತದೆ ಎಂದು ನಾವು ಭಾವಿಸುತ್ತೇವೆ. ಆಗುವುದು ಬೇರೆಯೇ. ವಾಲ್ವ್ ತೆರೆದೇ ಉಳಿದು, ನಲ್ಲಿ ಕಿತ್ತುಹೋದ ಹಾಗೆ ಗಾಳಿ ಭೋರೆಂದು ಸುರಿಯುತ್ತದೆ. ಇದನ್ನೇ ಫ್ರೀ ಫ್ಲೋ ಎನ್ನುತ್ತಾರೆ. ಸುರಿದಷ್ಟೂ ತಂಪು, ತಂಪಾದಷ್ಟೂ ಗಡ್ಡೆ. ತುಂಬಿದ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ತಲೆಯ ಮೇಲೆ ಅರ್ಧ ಮೀಟರ್ ಗಡ್ಡೆ, ಹೊರಬರಲು ಒಂದೇ ಒಂದು ತೂತು.

ಹಾಗಾಗಿ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಫಸ್ಟ್ ಸ್ಟೇಜಿನ ಒಳಕ್ಕೆ ನೀರು ಹೋಗುತ್ತದೆಯೇ ಎಂದು. ಸಾಮಾನ್ಯ ಪಿಸ್ಟನ್ ಮಾದರಿಗಳಲ್ಲಿ ಸ್ಪ್ರಿಂಗಿನ ಸುತ್ತ ನೀರು ಆಡುತ್ತಿರುತ್ತದೆ. ಚಳಿನೀರಿಗೆ ಹೆಚ್ಚಿನವರು ನೆಚ್ಚುವುದು ಡಯಾಫ್ರಾಮ್ ಮಾದರಿಯನ್ನು. ಅದರ ಹೊರಬಾಯಿಗೆ ಇನ್ನೊಂದು ಪದರ ಹಾಕಿ ಸೀಲ್ ಮಾಡಿರಬೇಕು. ಬಾಯಿಯ ಭಾಗದಲ್ಲೂ ಲೋಹ ಹೆಚ್ಚಿದ್ದಷ್ಟು ಒಳ್ಳೆಯದು. ಬಿಟ್ಟ ಉಸಿರಿನ ಪಸೆ ಅಲ್ಲಿಯೇ ಗಡ್ಡೆಯಾಗುವುದರಿಂದ, ಸುತ್ತಲಿನ ನೀರಿನ ಅಷ್ಟಿಷ್ಟು ಶಾಖ ಒಳಗೆ ತಲುಪಬೇಕು. ಪ್ಲಾಸ್ಟಿಕ್ ಅದನ್ನು ತಡೆಯುತ್ತದೆ.

ಯುರೋಪಿನ ಇ.ಎನ್. 250 ಎಂಬ ಮಾನದಂಡವೊಂದಿದೆ. ಅದು 10 ಡಿಗ್ರಿಗಿಂತ ತಣ್ಣಗಿನ ನೀರನ್ನು ಚಳಿನೀರು ಎಂದು ಎಣಿಸುತ್ತದೆ. ಅಂಥ ಕಡೆ ಬಳಸುವ ರೆಗ್ಯುಲೇಟರನ್ನು 4 ಡಿಗ್ರಿಯ ನೀರಿನಲ್ಲಿ ಪರೀಕ್ಷಿಸುತ್ತಾರೆ. ಆದರೆ ಒಂದು ಮಾತು. ಸರೋವರದಲ್ಲಿ 4 ಡಿಗ್ರಿಯ ನೀರು ಭಾರವಾಗಿ ತಳದಲ್ಲಿ ಕೂರುತ್ತದೆ. ಗಡ್ಡೆಗೆ ತಾಗಿದ ನೀರು ಸೊನ್ನೆಯ ಹತ್ತಿರವಿರುತ್ತದೆ. ಪೆಟ್ಟಿಗೆಯ ಮೇಲೆ ಚಳಿನೀರು ಎಂದು ಬರೆದಿದೆ ಎಂಬ ಒಂದೇ ಧೈರ್ಯದಲ್ಲಿ ಇಳಿಯಬಾರದು.

ನನ್ನ ತಮ್ಮ ಎಡವಿದ್ದು ಕೊಳ್ಳುವುದರಲ್ಲಿ ಅಲ್ಲ. ಒಳ್ಳೆಯ ಸೀಲ್ ಇರುವ ಡಯಾಫ್ರಾಮ್ ಜೋಡಿಯನ್ನೇ ಕೊಂಡಿದ್ದ. ರಜೆಗೆ ಬಂದಾಗ ಅದನ್ನು ಸರ್ವೀಸಿಗೆ ಕೊಟ್ಟು, "ಎಳೆದರೆ ಬೆಣ್ಣೆಯ ಹಾಗೆ ಬರಬೇಕು" ಎಂದು ಹೇಳಿ ಹಗುರ ಮಾಡಿಸಿಕೊಂಡು ಹೋದ. ನೇತ್ರಾಣಿಗೆ ಅದೇ ಸರಿ. ಹೆಪ್ಪುಗಟ್ಟಿದ ನೀರಿಗೆ ತದ್ವಿರುದ್ಧ. ಅಲ್ಲಿ ನುರಿತ ತಂತ್ರಜ್ಞರ ಕೈಯಲ್ಲಿ, ತಯಾರಕರು ಹೇಳಿದ ಮಿತಿಯೊಳಗೇ, ಫಸ್ಟ್ ಸ್ಟೇಜಿನಿಂದ ಹೊರಬರುವ ಒತ್ತಡವನ್ನು ಕೆಳಗಿನ ಅಂಕಿಗೆ ಇಳಿಸಿಸಬೇಕು. ಸೆಕೆಂಡ್ ಸ್ಟೇಜನ್ನು ಒಂದಿಷ್ಟು ಬಿಗಿ ಮಾಡಿಸಬೇಕು. ಹಗುರವಾದದ್ದು ಸಣ್ಣ ನೆಪ ಸಿಕ್ಕರೂ ಸುರಿಯಲು ಶುರುವಾಗುತ್ತದೆ.

ಅವನ ಎರಡನೆಯ ತಪ್ಪು ಒಳ್ಳೆಯ ಅಭ್ಯಾಸದಿಂದಲೇ ಬಂದದ್ದು. ದೋಣಿಯಲ್ಲಿ ಕೂತು ನಾಲ್ಕು ಉಸಿರು ಎಳೆದು, ಪರ್ಜ್ ಗುಂಡಿ ಒತ್ತಿ ನೋಡು ಎಂದೇ ಇಲ್ಲಿ ಕಲಿಸುತ್ತಾರೆ. ಅವನು ಗಡ್ಡೆಯ ಮೇಲೆ ನಿಂತು ಅದನ್ನೇ ಮಾಡಿದ. ಹೊರಗೆ ಗಾಳಿ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಉಸಿರಿನ ಪಸೆ ಒಳಗೇ ಹರಳುಗಟ್ಟಿತು. ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ನೆಲೆಯಲ್ಲಿ ಅಮೆರಿಕದ ವಿಜ್ಞಾನಿಗಳು ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಗಿರುವ ಉಪ್ಪುನೀರಿನಲ್ಲಿ ಮುಳುಗುತ್ತಾರೆ. ಬಾಯಿ ನೀರೊಳಗೆ ಹೋಗುವ ತನಕ ರೆಗ್ಯುಲೇಟರಿನಲ್ಲಿ ಉಸಿರಾಡಬಾರದು ಎನ್ನುವುದು ಅವರ ಶಿಸ್ತು. ಪರೀಕ್ಷೆಯನ್ನು ಬೆಚ್ಚನೆಯ ಕೋಣೆಯಲ್ಲಿ ಮುಗಿಸಿ, ಒಣಗಿಸಿ ತರಬೇಕು.

ಆರು ಮೀಟರ್ ಆಳದಲ್ಲಿ, ಅಂಗಿಗೆ ಗಾಳಿ ತುಂಬಿಸುತ್ತಲೇ ಉಸಿರನ್ನೂ ಎಳೆದನಂತೆ. ಒಂದೇ ಫಸ್ಟ್ ಸ್ಟೇಜಿಗೆ ಎರಡು ಕೆಲಸ. ಭೋರ್ ಎಂದಿತು. "ಅಕ್ಕಾ, ಗುಳ್ಳೆಯಲ್ಲಿ ನನ್ನ ಕೈಯೇ ನನಗೆ ಕಾಣಲಿಲ್ಲ" ಎಂದ ಫೋನಿನಲ್ಲಿ. ಅವನ ಸಿಲಿಂಡರಿಗೆ ಎರಡು ಬಾಯಿಯ ವಾಲ್ವಿತ್ತು. ಎರಡಕ್ಕೂ ಬೇರೆ ಬೇರೆ ಫಸ್ಟ್ ಸ್ಟೇಜ್. ಜೊತೆಗಾರ ಸುರಿಯುತ್ತಿದ್ದುದನ್ನು ತಿರುಗಿಸಿ ಮುಚ್ಚಿದ, ಇವನು ಇನ್ನೊಂದನ್ನು ಬಾಯಿಗಿಟ್ಟುಕೊಂಡ. ಮೇಲೆ ಹಗ್ಗ ಹಿಡಿದು ನಿಂತವರು ತೂತಿನತ್ತ ಎಳೆದುಕೊಂಡರು. ಅಮ್ಮನಿಗೆ ಇದನ್ನು ಹೇಳಿದ್ದು ಮೂರು ತಿಂಗಳಾದ ಮೇಲೆ. ಅಲ್ಲಿಯ ತನಕ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಠಾಣೆಯ ತಾಯೀ, ಮಗನಿಗೆ ಬೇಡ ಎಂದರೆ ಕೇಳುತ್ತಾನೋ ಇಲ್ಲವೋ. ಫೋನ್ ಮಾಡಿದಾಗ ಇಷ್ಟನ್ನು ಕೇಳಿ. ಫಸ್ಟ್ ಸ್ಟೇಜ್ ಎಷ್ಟಿವೆ, ಎರಡನ್ನೂ ಬೇರೆಬೇರೆಯಾಗಿ ಮುಚ್ಚಲು ಬರುತ್ತದೆಯೇ? ಚಳಿನೀರಿಗೆಂದು ಬಿಗಿ ಮಾಡಿಸಿದ್ದಾನೆಯೇ? ಸಿಲಿಂಡರಿಗೆ ತುಂಬಿಸುವ ಗಾಳಿ ಒಣಗಿದ್ದೇ? ಗಡ್ಡೆಯ ಮೇಲೆ ನಿಂತು ಉಸಿರೆಳೆದು ನೋಡುತ್ತಾನೆಯೇ? ಕೊನೆಯದಕ್ಕೆ ಹೌದು ಎಂದರೆ ಮಾತ್ರ ಗದರಿಸಿ.

ನನ್ನ ತಮ್ಮ ಬರುವ ಫೆಬ್ರವರಿಯಲ್ಲಿ ಮತ್ತೆ ಇಳಿಯುತ್ತಾನಂತೆ. ರೆಗ್ಯುಲೇಟರ್ ಸರ್ವೀಸಿಗೆ ಕೊಟ್ಟ ಚೀಟಿಯ ಫೋಟೋವನ್ನು ನನಗೆ ಕಳಿಸಿದ್ದಾನೆ. ಅಮ್ಮನೂ ಕನ್ನಡಕ ಹಾಕಿಕೊಂಡು ಅದನ್ನು ಓದಿದ್ದಾರೆ.