ಸೀಟ್ ಏರಿಸಿದ್ರೆ ಸಾಕಾ? ಮೀಡಿಯಂ, ಲಾರ್ಜ್ ನಡುವೆ ಸಿಕ್ಕವರಿಗೆ ಸೈಕಲ್ ಲೆಕ್ಕ

ಇವತ್ತಿನ ಎಪಿಸೋಡ್ ಮೊದಲ ಸಲ ಎಂಟಿಬಿ, ಅಂದ್ರೆ ಮೌಂಟನ್ ಬೈಕ್ ತಗೋಬೇಕು ಅಂತಿರೋರಿಗೆ. ಅದರಲ್ಲೂ ಸೈಜ್ ಚಾರ್ಟ್ ನೋಡಿ ತಲೆ ಕೆಟ್ಟು ಕೂತಿರೋರಿಗೆ. ನಿಮ್ಮ ಎತ್ತರ 170 ಸೆಂ.ಮೀ. ಅಂತ ಇಟ್ಕೊಳ್ಳಿ. ಒಂದು ಕಂಪನಿ ಚಾರ್ಟ್ ಪ್ರಕಾರ ನೀವು ಮೀಡಿಯಂ. ಇನ್ನೊಂದರ ಪ್ರಕಾರ ಲಾರ್ಜ್. ಮೂರನೇದರಲ್ಲಿ ಸರಿಯಾಗಿ ಗೆರೆ ಮೇಲೆ. ಈಗ ಯಾವುದು ತಗೋಬೇಕು?

ಅಂಗಡಿಯಲ್ಲಿ ಸಿಗೋ ಉತ್ತರ ಸಾಮಾನ್ಯವಾಗಿ ಒಂದೇ. "ಇದೇ ತಗೊಳ್ಳಿ ಸಾರ್, ಸೀಟ್ ಏರಿಸಿದ್ರೆ ಆಯ್ತು." ಹೊಸದುರ್ಗ, ಹೊಳಲ್ಕೆರೆಯಂಥ ಊರಲ್ಲಿ ಒಂದು ಮಾಡೆಲ್‌ನ ಎಲ್ಲಾ ಸೈಜ್ ಸ್ಟಾಕ್ ಇಡೋದು ಯಾವ ಅಂಗಡಿಯವರಿಗೂ ಸುಲಭ ಇಲ್ಲ, ಅವರನ್ನ ದೂರಿ ಪ್ರಯೋಜನ ಇಲ್ಲ. ಆದ್ರೆ ಆ ಮಾತು ಅರ್ಧ ಸತ್ಯ. ಸೀಟ್ ಏರಿಸಿದ್ರೆ ಸರಿಹೋಗೋದು ಕಾಲಿನ ಅಳತೆ ಮಾತ್ರ. ಬೆನ್ನು, ಕೈ, ಕುತ್ತಿಗೆಯ ಅಳತೆ ಇರೋದು ಫ್ರೇಮ್‌ನ ಉದ್ದದಲ್ಲಿ. ದುಡ್ಡು ಕೊಟ್ಟು ಮನೆಗೆ ತಂದ ಮೇಲೆ ಆ ಉದ್ದ ಬದಲಾಗಲ್ಲ.

ಇನ್ನೊಂದು ಗೊಂದಲ ಇದೆ. "ಸೈಜ್ ಎಷ್ಟು?" ಅಂತ ಕೇಳಿದ್ರೆ ನಾವು "26", "29" ಅಂತೀವಿ. ಅದು ಚಕ್ರದ ಸೈಜ್. ನಮ್ಮ ತಾತಂದಿರು ಕರಿ ಸೈಕಲ್ ತಗೋವಾಗ 22 ಇಂಚು, 24 ಇಂಚು ಅಂತಿದ್ರಲ್ಲ, ಅದು ಫ್ರೇಮ್ ಸೈಜ್. ಚಕ್ರ ಎರಡಕ್ಕೂ 28 ಇಂಚೇ. ಅಂದ್ರೆ ಅವರು ಆಳು ನೋಡಿ ಸೈಕಲ್ ಕೊಳ್ತಿದ್ರು. ಆಮೇಲೆ 2006-07ರಿಂದ ಎಂಟನೇ ಕ್ಲಾಸಿನವರಿಗೆ ಸರ್ಕಾರಿ ಸೈಕಲ್ ಬಂತು. ಹುಡುಗರಿಗೊಂದು ಮಾದರಿ, ಹುಡುಗಿಯರಿಗೊಂದು ಮಾದರಿ. ಎಷ್ಟೋ ಮಕ್ಕಳು ಅದರಿಂದ ಹೈಸ್ಕೂಲ್ ಬಿಡದೆ ಓದಿದ್ರು, ಅದು ದೊಡ್ಡ ವಿಷಯ. ಆದ್ರೆ ಗಿಡ್ಡ ಇರೋನೂ ಉದ್ದ ಇರೋನೂ ಒಂದೇ ಅಳತೆಯ ಸೈಕಲ್ ಓಡಿಸಿ, ಸೈಕಲ್‌ಗೆ ತಕ್ಕ ಹಾಗೆ ನಾವೇ ಬಗ್ಗೋದು ಅಭ್ಯಾಸ ಆಗೋಯ್ತು. ಮೂರು ಕಿಲೋಮೀಟರ್ ಸ್ಕೂಲಿಗೆ ಅದು ನಡೆಯುತ್ತೆ. ಮೂವತ್ತು ಕಿಲೋಮೀಟರ್ ಕಲ್ಲು ದಾರಿಗೆ ನಡೆಯಲ್ಲ. ಮಂಡಿ ನೋವು, ಅಂಗೈ ಜೋಮು, ಸೊಂಟ ನೋವು ಶುರುವಾಗುತ್ತೆ. ಎರಡು ತಿಂಗಳಲ್ಲಿ ಸೈಕಲ್ ಮೆಟ್ಟಿಲ ಕೆಳಗೆ ಸೇರುತ್ತೆ.

ಸರಿ, ಅಳತೆ ಹೇಗೆ? ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ. ಕಾಲುಗಳ ನಡುವೆ ಒಂದು ದಪ್ಪ ಪುಸ್ತಕ ಇಟ್ಟು, ಸೀಟ್ ಮೇಲೆ ಕೂತ ಹಾಗೆ ಮೇಲಕ್ಕೆ ಒತ್ತಿ ಹಿಡೀರಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಟೇಪ್ ಹಿಡಿಯೋಕೆ ಯಾರಿಗಾದ್ರೂ ಹೇಳಿ. ಅದು ನಿಮ್ಮ ಇನ್‌ಸೀಮ್, ಕಾಲಿನ ಒಳ ಅಳತೆ. ಅದನ್ನ 0.883ರಿಂದ ಗುಣಿಸಿದ್ರೆ ಪೆಡಲ್ ಕ್ರ್ಯಾಂಕ್ ತಿರುಗೋ ಮಧ್ಯಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟು ಇರಬೇಕು ಅಂತ ಸಿಗುತ್ತೆ. ಇನ್‌ಸೀಮ್ 78 ಸೆಂ.ಮೀ. ಇದ್ರೆ ಸುಮಾರು 69 ಸೆಂ.ಮೀ. ಇದು ಶುರು ಮಾಡೋಕೆ ಒಂದು ಅಂದಾಜು. ಅಲ್ಲಿಂದ ಅರ್ಧ ಸೆಂಟಿಮೀಟರ್ ಆಚೀಚೆ ಮಾಡಿ ನೋಡ್ಕೊಳ್ಳಿ.

ಈಗ ಎರಡು ಸೈಜಲ್ಲಿ ಒಂದನ್ನ ಕೈಬಿಡೋಕೆ ಎರಡು ಪರೀಕ್ಷೆ.

ಒಂದು, ದೊಡ್ಡ ಫ್ರೇಮ್‌ಗೆ. ಸೀಟ್ ಮುಂದೆ, ಮೇಲಿನ ಬಾರ್‌ನ ಎರಡೂ ಕಡೆ ಕಾಲು ಹಾಕಿ ನಿಲ್ಲಿ. ಎಂಟಿಬಿಯಲ್ಲಿ ಬಾರ್‌ಗೂ ನಿಮಗೂ ನಡುವೆ ಕಡಿಮೆ ಅಂದ್ರೂ 5 ಸೆಂ.ಮೀ. ಜಾಗ ಇರಬೇಕು. ಇಲ್ಲ ಅಂದ್ರೆ ದೊಡ್ಡದು ಬೇಡ. ಇಳಿಜಾರಲ್ಲಿ ದಢಕ್ಕನೆ ಕಾಲು ಊರಬೇಕಾದಾಗ ಯಾಕೆ ಅಂತ ಗೊತ್ತಾಗುತ್ತೆ.

ಎರಡು, ಚಿಕ್ಕ ಫ್ರೇಮ್‌ಗೆ. ನಿಮ್ಮ ಲೆಕ್ಕದ ಎತ್ತರಕ್ಕೆ ಸೀಟ್ ಏರಿಸಿ. ಸೀಟ್ ಪೋಸ್ಟ್ ಮೇಲೆ ಒಂದು ಗೆರೆ ಇರುತ್ತೆ, ಇದಕ್ಕಿಂತ ಮೇಲೆ ಎಳೀಬೇಡಿ ಅಂತ. ಆ ಗೆರೆ ಹೊರಗೆ ಕಾಣಿಸಿದ್ರೆ ಚಿಕ್ಕದು ಬೇಡ. ಮುರಿಯೋದು ಪೋಸ್ಟ್ ಆಗಿರಬಹುದು, ಫ್ರೇಮೇ ಆಗಿರಬಹುದು.

ಎರಡೂ ಪಾಸ್ ಆದ್ರೆ? ಆಗ ಮೈಕಟ್ಟು ನೋಡಿ. 170 ಸೆಂ.ಮೀ. ಎತ್ತರದ ಇಬ್ಬರಲ್ಲಿ ಒಬ್ಬರ ಇನ್‌ಸೀಮ್ 80, ಇನ್ನೊಬ್ಬರದು 75 ಇರಬಹುದು. ಕಾಲು ಉದ್ದ ಇರೋರಿಗೆ ಮೇಲ್ಮೈ ಗಿಡ್ಡ, ಹಾಗಾಗಿ ಚಿಕ್ಕ ಫ್ರೇಮ್ ತಗೊಂಡು ಸೀಟ್ ಏರಿಸೋದು ಸರಿ. ಮೇಲ್ಮೈ, ತೋಳು ಉದ್ದ ಇರೋರಿಗೆ ದೊಡ್ಡದು. ಎರಡೂ ಕೈ ಚಾಚಿ ತುದಿಯಿಂದ ತುದಿಗೆ ಅಳತೆ ಮಾಡಿ. ಅದು ನಿಮ್ಮ ಎತ್ತರಕ್ಕಿಂತ ಜಾಸ್ತಿ ಬಂದ್ರೆ ದೊಡ್ಡದರ ಕಡೆ ವಾಲಿ. ಕಂಪನಿ ಪೇಜಲ್ಲಿ ರೀಚ್ ಅಂತ ಒಂದು ನಂಬರ್ ಇರುತ್ತೆ, ಕ್ರ್ಯಾಂಕ್ ಮಧ್ಯದಿಂದ ಹ್ಯಾಂಡಲ್ ಕೂರೋ ಕೊಳವೆವರೆಗಿನ ಅಡ್ಡ ದೂರ. ಎರಡು ಕಂಪನಿ ಹೋಲಿಸೋವಾಗ ಮೀಡಿಯಂ, ಲಾರ್ಜ್ ಅನ್ನೋ ಸ್ಟಿಕರ್ ಬಿಟ್ಟು ಈ ನಂಬರ್ ನೋಡಿ.

ಆಮೇಲೆ ನೀವು ಓಡಿಸೋದು ಎಲ್ಲಿ ಅನ್ನೋದು. ಚಿತ್ರದುರ್ಗದಿಂದ ಹಿರಿಯೂರು ಸುಮಾರು 40 ಕಿ.ಮೀ. ಅಲ್ಲಿಂದ ವಾಣಿವಿಲಾಸ ಸಾಗರದ ಕಡೆಗೆ ಹೋಗೋದು ವಾರಾಂತ್ಯದ ಆಸೆ ಅಂದ್ರೆ, ನಿಮ್ಮ ಮುಖ್ಯ ಎದುರಾಳಿ ಗಾಳಿ. ನಮ್ಮ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಅಲ್ಲಿ ಸ್ವಲ್ಪ ಉದ್ದದ ಫ್ರೇಮ್, ಸ್ವಲ್ಪ ಬಾಗಿದ ಬೆನ್ನು ಸಹಾಯ ಮಾಡುತ್ತೆ. ಬಂಡೆ, ಜಾಲಿ ಮುಳ್ಳು, ಸಡಿಲ ಕಲ್ಲಿನ ಕಾಲುದಾರಿಯೇ ನಿಮ್ಮ ಇಷ್ಟ ಅಂದ್ರೆ ಚಿಕ್ಕ ಫ್ರೇಮ್ ಬೇಗ ತಿರುಗುತ್ತೆ, ಬೇಗ ಕಾಲು ಊರಬಹುದು. ಜೋಗಿಮಟ್ಟಿ ಕಡೆ ಹೋಗೋರು ಮಾತ್ರ ಅರಣ್ಯ ಇಲಾಖೆಯ ನಿಯಮ ಕೇಳ್ಕೊಂಡೇ ಹೋಗಿ.

ಒಂದು ಎಚ್ಚರಿಕೆ. ಯೂಟ್ಯೂಬಲ್ಲಿ ಹೊರದೇಶದ ಎಷ್ಟೋ ವಿಡಿಯೋಗಳು "ಅನುಮಾನ ಇದ್ರೆ ದೊಡ್ಡದೇ ತಗೊಳ್ಳಿ" ಅಂತವೆ. ಅವರ ಸೈಕಲ್‌ಗಳಲ್ಲಿ ಹ್ಯಾಂಡಲ್ ಹಿಡಿಯೋ ಸ್ಟೆಮ್ 35ರಿಂದ 50 ಮಿ.ಮೀ. ಗಿಡ್ಡ ಇರುತ್ತೆ, ಬಟನ್ ಒತ್ತಿದ್ರೆ ಸೀಟ್ ಇಳಿಯುತ್ತೆ. ನಮ್ಮ ಬಜೆಟ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಸ್ಟೆಮ್ ಅದಕ್ಕಿಂತ ಉದ್ದ. ಅದರ ಮೇಲೆ ಫ್ರೇಮೂ ದೊಡ್ಡದು ತಗೊಂಡ್ರೆ ಹ್ಯಾಂಡಲ್ ಕೈಗೆಟುಕೋದೇ ಕಷ್ಟ.

ಇನ್ನು, ಅಷ್ಟಿಷ್ಟು ಸರಿಮಾಡೋ ದಾರಿಗಳು. ಸ್ಟೆಮ್ 10-20 ಮಿ.ಮೀ. ಗಿಡ್ಡದೋ ಉದ್ದದೋ ಹಾಕಬಹುದು. ಮೇಲಕ್ಕೆ ಬಾಗಿರೋ ಹ್ಯಾಂಡಲ್ ಹಾಕಬಹುದು. ಸೀಟನ್ನ ಹಿಂದೆ ಮುಂದೆ ಸರಿಸಬಹುದು, ಆದ್ರೆ ಅದು ಮಂಡಿಗೋಸ್ಕರ, ಹ್ಯಾಂಡಲ್ ಎಟುಕಲಿಲ್ಲ ಅಂತ ಮುಂದೆ ತಳ್ಳೋದು ಬೇಡ. ಲೆಕ್ಕ ಸರಳ. ಸ್ಟೆಮ್ ಬದಲಾಯಿಸೋದು ಸಣ್ಣ ಖರ್ಚು. ಫ್ರೇಮ್ ಬದಲಾಯಿಸೋದು ಅಂದ್ರೆ ಇನ್ನೊಂದು ಸೈಕಲ್.

ಐದಡಿ ಆಸುಪಾಸಿನ ಹುಡುಗಿಯರಿಗೆ ಇದು ಇನ್ನೂ ಮುಖ್ಯ. ಚಿಕ್ಕ ಸೈಜ್ ಅಂಗಡಿಯಲ್ಲಿ ಇಲ್ಲ ಅಂತ ಮೀಡಿಯಂ ಒಪ್ಕೋಬೇಡಿ. ತರಿಸಿಕೊಡಿ ಅಂತ ಕೇಳಿ, ಹದಿನೈದು ದಿನ ಕಾಯಿರಿ, ಇಲ್ಲ ಅಂದ್ರೆ ದಾವಣಗೆರೆಗೋ ಬೆಂಗಳೂರಿಗೋ ಒಂದು ಬಸ್ ಟಿಕೆಟ್ ತಗೊಳ್ಳಿ. ಸೈಕಲ್ ರೇಟಿನ ಮುಂದೆ ಬಸ್ ಚಾರ್ಜ್ ಏನೂ ಅಲ್ಲ.

ಕೊನೇದಾಗಿ, ಅಂಗಡಿಯಲ್ಲಿ ಹತ್ತು ನಿಮಿಷ ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಹಿಮ್ಮಡಿ ಪೆಡಲ್ ಮೇಲಿಟ್ಟು ಪೆಡಲ್ ತೀರಾ ಕೆಳಗೆ ಬಂದಾಗ ಕಾಲು ನೇರ ಆಗಬೇಕು. ಮೊಣಕೈ ಸ್ವಲ್ಪ ಮಡಚಿರಬೇಕು. ಭಾರ ಎಲ್ಲಾ ಅಂಗೈ ಮೇಲೆ ಬೀಳ್ತಿದ್ರೆ ಇನ್ನೊಂದು ಸೈಜ್ ಕೇಳಿ, ಸಂಕೋಚ ಬೇಡ. ಚಪ್ಪಲಿ ತಗೋವಾಗ ನಾಲ್ಕು ಜೊತೆ ಹಾಕಿ ನೋಡ್ತೀವಿ, ಸೈಕಲ್‌ಗೆ ಎರಡು ಸಲ ಹತ್ತಿ ಇಳಿಯೋದ್ರಲ್ಲಿ ತಪ್ಪೇನಿಲ್ಲ.

ನಿಮ್ಮ ಇನ್‌ಸೀಮ್ ಬರೆದಿಟ್ಕೊಂಡು ಅಂಗಡಿಗೆ ಹೋಗಿ.