ಕಲ್ಲು ಉಳಿಯಿತು, ಹೆಸರು ಉಳಿಯಲಿಲ್ಲ

(ಡೊಂಬಿವಲಿಯಲ್ಲಿ ಸೇರಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ. ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇನೆ.

ರಾಯಚೂರು ಕಡೆಯ ಗೆಳೆಯರೊಬ್ಬರ ಮನೆಯ ಮದುವೆಗೆ ಹೋದವನು ಕರ್ನೂಲಿನವರೆಗೂ ಹೋಗಿ ಬಂದೆ. ನಮ್ಮ ತುಂಗಭದ್ರೆಗೆ ಸುಂಕೇಸುಲದಲ್ಲಿ ಕಟ್ಟೆ ಹಾಕಿ, ಅಲ್ಲಿಂದ ಕಡಪದವರೆಗೆ ಕಾಲುವೆ ತೆಗೆದಿದ್ದಾರೆ. ಉದ್ದ 306 ಕಿಲೋಮೀಟರು. ಒಂದು ಕಡೆ ಎರಡು ದಪ್ಪ ಕಲ್ಲುಗೋಡೆಗಳು ಎದುರುಬದುರು ನಿಂತಿದ್ದವು. ಬಾಗಿಲು ಕೂರಲು ಗೋಡೆಯಲ್ಲಿ ಕೊರೆದ ಜಾಗವಿದೆ, ಬಾಗಿಲಿಲ್ಲ. ಎಮ್ಮೆ ತೊಳೆಯುತ್ತಿದ್ದ ಹುಡುಗನನ್ನು ಕೇಳಿದೆ. “ಲಾಕು” ಎಂದ. ಹೆಚ್ಚು ಅವನಿಗೂ ತಿಳಿಯದು.

ಲಾಕು ಎಂದರೆ ದೋಣಿಗೆ ಕಟ್ಟಿದ ಮೆಟ್ಟಿಲು. ಕಾಲುವೆ ಮೇಲಿನಿಂದ ತಗ್ಗಿಗೆ ಧುಮುಕುವ ಕಡೆ ದೋಣಿ ಧುಮುಕಲಾಗದು. ಆದ್ದರಿಂದ ಎರಡು ಗೋಡೆ, ಎರಡು ತುದಿಗೆ ಬಾಗಿಲು. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ನೀರು ಬಿಟ್ಟುಕೊಟ್ಟರೆ ದೋಣಿ ಮೆಲ್ಲಗೆ ಇಳಿಯುತ್ತದೆ. ನೀರು ತುಂಬಿದರೆ ಏರುತ್ತದೆ.

ಇದನ್ನು ಕಟ್ಟಿಸಿದ್ದು ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ. ಹತ್ತು ಲಕ್ಷ ಪೌಂಡು ಬಂಡವಾಳಕ್ಕೆ ನೂರಕ್ಕೆ ಐದರಂತೆ ಬಡ್ಡಿ ಕೊಡುವುದಾಗಿ ಸರಕಾರ ಮಾತು ಕೊಟ್ಟಿತ್ತು. 1863ರಲ್ಲಿ ಶುರುವಾದ ಕೆಲಸ 1870ರ ಹೊತ್ತಿಗೆ ಮುಗಿಯಿತು. ಲೆಕ್ಕ ಹಾಕಿದಷ್ಟು ಲಾಭ ಬರಲಿಲ್ಲ. 1882ರಲ್ಲಿ ಸರಕಾರವೇ ಕಾಲುವೆಯನ್ನು ಕೊಂಡಿತು.

ಅಷ್ಟರಲ್ಲಿ ರೈಲು ಬಂದಿತ್ತು. 1853ರಲ್ಲಿ ಠಾಣೆಗೆ, 1854ರಲ್ಲಿ ಕಲ್ಯಾಣಕ್ಕೆ ಬಂದ ಅದೇ ಹಳಿ ಮುಂದೆ ಸಾಗಿ, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನಿಂದ ಕಡಪದ ಮೇಲೆ ಬಂದ ಹಳಿಯನ್ನು ಕೂಡಿತು. ಸಾಮಾನು ರೈಲು ಹತ್ತಿತು. 1933ರಲ್ಲಿ ದೋಣಿ ಸಂಚಾರವೇ ನಿಂತಿತು. ನೀರು ಮಾತ್ರ ಇಂದಿಗೂ ಹೊಲಗಳಿಗೆ ಹರಿಯುತ್ತದೆ.

ರೈಲನ್ನು ನಾನು ದೂರುವುದಿಲ್ಲ. ಹೊಟ್ಟೆಪಾಡಿಗೆ ನಮ್ಮಲ್ಲಿ ಎಷ್ಟೋ ಜನರನ್ನು ಇಲ್ಲಿಗೆ ತಂದದ್ದು ಅದೇ ಹಳಿ. ನನ್ನ ಪ್ರಶ್ನೆ ಬೇರೆ. ಹಣ ಹಾಕಿದವನಿಗೆ ಬಡ್ಡಿಯ ಗ್ಯಾರಂಟಿ ಇತ್ತು. ಕಲ್ಲು ಒಡೆದವನಿಗೆ, ಮಣ್ಣು ಹೊತ್ತವಳಿಗೆ, ಹುಟ್ಟು ಹಾಕಿದವನಿಗೆ ಯಾವ ಗ್ಯಾರಂಟಿ ಇತ್ತು? ಆ ಗೋಡೆಯ ಮುಂದೆ ನಿಂತು ಒಂದೇ ಒಂದು ಹೆಸರಿಗಾಗಿ ಹುಡುಕಿದೆ. ಸಿಗಲಿಲ್ಲ.

ಇದು ಹಳೆಯ ಕಥೆಯೆ? 1982ರ ಜನವರಿ 18ರಂದು ಮುಂಬಯಿಯ ಮಿಲ್ ಮುಷ್ಕರ ಆರಂಭವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಹೊರಬಂದರು. ಬಹಳ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಕೆಲವು ಕಡೆ ಚಿಮಣಿ ಉಳಿಯಿತು, ಆ ಲಾಕಿನ ಗೋಡೆಯಂತೆ. ಮಿಲ್ ಕಾರ್ಮಿಕರ ಪಾಲಿನ ಮನೆ ಕೇಳಲು ಹೋದ ಹಿರಿಯರಿಗೆ ಎದುರಾದ ಮೊದಲ ಮಾತು: “ದುಡಿದದ್ದಕ್ಕೆ ಕಾಗದ ತೋರಿಸಿ.” ಮಗ್ಗದ ಸದ್ದಿಗೆ ಕಿವಿ ಮಂದವಾದವರು ಕಾಗದಕ್ಕಾಗಿ ಟ್ರಂಕು ತಡಕಿದರು. ಕೆಲವರಿಗೆ ಸಿಕ್ಕಿತು, ಕೆಲವರಿಗೆ ಇಲ್ಲ.

ಹೋಟೆಲಿನ ಬಂಧುಗಳೆ, ನಮ್ಮ ಗತಿ ಇನ್ನೂ ಕಷ್ಟ. ಹತ್ತು ವರ್ಷ ದೋಸೆ ಹುಯ್ದವನ ಕೈಯಲ್ಲೂ ನೇಮಕದ ಚೀಟಿ ಇರುವುದಿಲ್ಲ. ಆದ್ದರಿಂದ ನೇಮಕದ ಪತ್ರ ಕೇಳಿ. ಒಬ್ಬರೇ ಕೇಳಲು ಅಂಜಿಕೆಯಾದರೆ ಸಂಘದೊಡನೆ ಕೇಳಿ. ಪ್ರಾವಿಡೆಂಟ್ ಫಂಡಿನ ನಂಬರು ಬರೆದಿಡಿ, ಪಗಾರದ ಚೀಟಿ ಎಸೆಯಬೇಡಿ. ಇಂದು ಮನೆಗೆ ಹೋಗುವ ಮೊದಲು ಈ ಮೇಜಿನ ಮೇಲಿರುವ ಪುಸ್ತಕದಲ್ಲಿ ನಿಮ್ಮ ಹೆಸರು, ಊರು, ಕೆಲಸಕ್ಕೆ ಸೇರಿದ ವರ್ಷ ಬರೆಸಿ.

ಕಲ್ಲು ತಾನಾಗಿ ಉಳಿಯುತ್ತದೆ. ಹೆಸರನ್ನು ನಾವೇ ಉಳಿಸಿಕೊಳ್ಳಬೇಕು.